ನೆನಪಿನ ಜೊತೆ ಅಳತೆಯನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರೇ,

ಅಜ್ಜಿಯರ ಅಡುಗೆಮನೆಯ ಬಗ್ಗೆ ಓದುಗರು ಬರೆಯುವ ನೆನಪುಗಳನ್ನು ತಮ್ಮ ಭಾನುವಾರದ ಪುರವಣಿ ಪ್ರಕಟಿಸುತ್ತಾ ಬಂದಿದೆ. ರೊಟ್ಟಿ ಬಡಿಯುವ ಸದ್ದು, ಒಲೆಯ ಮುಂದೆ ಸಾಲಾಗಿ ಕುಳಿತ ಮೊಮ್ಮಕ್ಕಳು, ಗುರೆಳ್ಳು (ಹುಚ್ಚೆಳ್ಳು) ಹುರಿದ ಘಮ ಎಲ್ಲವೂ ಅಲ್ಲಿ ಇರುತ್ತವೆ. ಆದರೆ ಓದಿ ಮುಗಿಸಿ, ಆ ರೊಟ್ಟಿಯನ್ನೋ ಚಟ್ನಿಯನ್ನೋ ಮನೆಯಲ್ಲಿ ಮಾಡಿ ನೋಡೋಣ ಎಂದು ಎದ್ದವರಿಗೆ ಏನೂ ಸಿಗುವುದಿಲ್ಲ. ಹಿಟ್ಟು ಎಷ್ಟು, ನೀರು ಎಷ್ಟು ಬಿಸಿ, ಯಾವ ಹಂಗಾಮಿನ ಜೋಳ, ಹಂಚಿನ ಮೇಲೆ ಎಷ್ಟು ಹೊತ್ತು ಎಂದು ಹೇಳಬೇಕಾದ ಕಡೆಯೆಲ್ಲ ‘ಅಜ್ಜಿಯ ಕೈಗುಣ’ ಎಂದು ಬರೆದು ಮುಂದೆ ಹೋಗುತ್ತಾರೆ. ರೊಟ್ಟಿ, ಚಟ್ನಿ, ಖಾರ ಮಾಡಿ ಮಾರುವುದೇ ದುಡಿಮೆಯಾಗಿರುವ ನಮಗೆ ಇದು ಸರಿ ಕಾಣುವುದಿಲ್ಲ. ಅಜ್ಜಿಯರು ಅಳೆಯುತ್ತಿದ್ದರು. ತಕ್ಕಡಿಯ ಬದಲು ಹಿಡಿ, ಬೊಗಸೆ, ಪಾವು, ಚಟಾಕು ಇದ್ದವು. ಗಡಿಯಾರದ ಬದಲು ಎಸರಿನ ಸದ್ದು, ಹಂಚಿನ ಮೇಲಿನ ನೀರ ಹನಿ ಇದ್ದವು. ಅವನ್ನು ಬರೆದಿಟ್ಟರೆ ಮೊಮ್ಮಕ್ಕಳಿಗೆ ದಾರಿ ಸಿಗುತ್ತದೆ. ಅಜ್ಜಿ ಇರುವಾಗಲೇ ಬರೆಯಬೇಕು.

ರೊಟ್ಟಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ನೆನಪಿನ ಬರಹಗಳಲ್ಲಿ ಹೆಚ್ಚು ಬರುವುದು ಅದೇ, ಹೆಚ್ಚು ತಪ್ಪಾಗಿ ಬರುವುದೂ ಅದೇ.

ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿಗೆ ಬಿತ್ತಿದ ಬಿಳಿಜೋಳ, ಅದರಲ್ಲೂ ಮಾಲದಂಡಿ ಎಂದು ಕರೆಯುವ ಎಂ 35-1 ತಳಿ, ರೊಟ್ಟಿಗೆ ಒಳ್ಳೆಯದು. ಸೆಪ್ಟೆಂಬರ್ ಕೊನೆ, ಅಕ್ಟೋಬರಿನಲ್ಲಿ ಬಿತ್ತಿದ್ದು ನೆಲದ ಹಸಿಯ ಮೇಲೆಯೇ ಬೆಳೆದು, ಮಳೆ ಬೀಳದ ಫೆಬ್ರುವರಿ–ಮಾರ್ಚಿನಲ್ಲಿ ಕೊಯ್ಲಿಗೆ ಬರುತ್ತದೆ. ಹಾಗಾಗಿ ಕಾಳು ಮುತ್ತಿನಂತೆ ಬಿಳಿ. ಮುಂಗಾರಿ ಜೋಳ ತೆನೆಗಟ್ಟುವಾಗ ಮಳೆಗೆ ಸಿಕ್ಕರೆ ಕಾಳಿಗೆ ಬೂಷ್ಟು ಹಿಡಿಯುತ್ತದೆ, ಹಿಟ್ಟು ಕಪ್ಪಾಗುತ್ತದೆ, ರೊಟ್ಟಿಗೆ ಕಮಟು ಬರುತ್ತದೆ. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಬಿಡುಗಡೆಯಾದ ಮೇಲೆ ಹೊಲದಲ್ಲಿ ಇಳುವರಿ ಹೆಚ್ಚಿತು, ನಿಜ. ಆದರೂ ರೊಟ್ಟಿಗೆಂದು ಮಾಲದಂಡಿಯನ್ನೇ ಬೇರೆಯಾಗಿ ಕೇಳಿ ಕೊಳ್ಳುವವರು ನಮ್ಮ ಸಂತೆಗಳಲ್ಲಿ ಇಂದಿಗೂ ಇದ್ದಾರೆ. ಹೀಗಾಗಿ ಅಜ್ಜಿಯ ರೊಟ್ಟಿಯ ಅರ್ಧ ಗುಟ್ಟು ಅಡುಗೆಮನೆಗೆ ಬರುವ ಮೊದಲೇ, ಕಾಳು ಆರಿಸುವಲ್ಲಿ ಮುಗಿದಿರುತ್ತದೆ.

ಇನ್ನು ಗಿರಣಿ. ಕಾಳನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಒಂದು ಬಿಸಿಲು ಕೊಟ್ಟು ಒಯ್ಯಬೇಕು. ಹಸಿ ಇರುವ ಕಾಳು ಕಲ್ಲಿಗೆ ಮೆತ್ತಿಕೊಂಡು ಹಿಟ್ಟು ದಪ್ಪ ಬೀಳುತ್ತದೆ. ಹಿಟ್ಟು ನುಣ್ಣಗಿರಬೇಕು, ಬೆರಳ ನಡುವೆ ತಿಕ್ಕಿದರೆ ತರಿ ಸಿಗಬಾರದು. ಗಿರಣಿಯಿಂದ ಬಂದ ಹಿಟ್ಟು ಬಿಸಿಯಾಗಿರುತ್ತದೆ. ಅದನ್ನು ಹಾಗೆಯೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರೆ ಒಳಗೆ ಬೆವರಿ ಹಿಟ್ಟು ಬೇಗ ಕೆಡುತ್ತದೆ. ಅಗಲ ಪರಾತದಲ್ಲಿ ಹರಡಿ ಆರಿದ ಮೇಲೆ ತುಂಬಬೇಕು. ಜೋಳದ ಹಿಟ್ಟಿನಲ್ಲಿ ಕಾಳಿನ ಮೊಳಕೆಯ ಎಣ್ಣೆಯೂ ಸೇರಿರುತ್ತದೆ. ದಿನ ಕಳೆದಂತೆ ಅದು ಕಹಿಯಾಗುತ್ತದೆ, ಹಿಟ್ಟಿನ ಜಿಗಿಯೂ ಹೋಗುತ್ತದೆ. ಬೇಸಿಗೆಯಲ್ಲಿ ಎಂಟು–ಹತ್ತು ದಿನ ದಾಟಿದ ಹಿಟ್ಟಿನಲ್ಲಿ ಬಡಿದ ರೊಟ್ಟಿ ಅಂಚಿನಲ್ಲಿ ಬಿರಿಯತೊಡಗುತ್ತದೆ. ಅಜ್ಜಿಯರು ವಾರಕ್ಕೆ ಬೇಕಾದಷ್ಟೇ ಬೀಸಿಸುತ್ತಿದ್ದದ್ದು ಇದಕ್ಕೆ. ಅಂಗಡಿಯ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಕುಳಿತ ಹಿಟ್ಟು ತಂದು, ರೊಟ್ಟಿ ಬರಲಿಲ್ಲವೆಂದು ಕೈಯನ್ನು ದೂರುವುದು ಬೇಡ.

ಜೋಳದಲ್ಲಿ ಗೋಧಿಯ ಹಾಗೆ ಹಿಗ್ಗುವ ಅಂಟು ಇಲ್ಲ. ಆ ಕೆಲಸವನ್ನು ಎಸರು ಮಾಡುತ್ತದೆ. ಕುದಿಯುವ ನೀರು ತಗುಲಿದ ಹಿಟ್ಟಿನ ಪಿಷ್ಟ ಬೆಂದು ಗಂಜಿಯಂತಾಗಿ ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ಅರ್ಧ ಕಿಲೋ ಹಿಟ್ಟಿಗೆ ನಾನೂರರಿಂದ ನಾನೂರೈವತ್ತು ಮಿಲಿ ನೀರು ಹಿಡಿಯುತ್ತದೆ. ಹೊಸ ಜೋಳವಾದರೆ ಸ್ವಲ್ಪ ಕಡಿಮೆ, ಹಳೆಯದಾದರೆ ಸ್ವಲ್ಪ ಹೆಚ್ಚು. ನೀರು ಬರೀ ಬಿಸಿಯಾದರೆ ಸಾಲದು, ಕೊತಕೊತ ಕುದಿಯಬೇಕು. ತಳದಲ್ಲಿ ಗುಳ್ಳೆ ಕಂಡ ಕೂಡಲೇ ಸುರಿಯಲು ಹೋದವರಿಗೆ ಮನೆಯ ಹಿರಿಯರು “ಎಸರು ಮಳ್ಳಲಿ ತಡಿ” ಅನ್ನುವುದು ಸುಮ್ಮನೆ ಅಲ್ಲ. ಅರೆಬಿಸಿ ನೀರಿನಲ್ಲಿ ಕಲಸಿದ ಹಿಟ್ಟು ಮುದ್ದೆಯಾದಂತೆ ಕಂಡರೂ ಬಡಿಯುವಾಗ ಕೈಕೊಡುತ್ತದೆ. ಹಿಟ್ಟಿನ ಮುಕ್ಕಾಲು ಪಾಲನ್ನು ಪರಾತದಲ್ಲಿ ಗುಂಪು ಮಾಡಿ, ನಡುವೆ ಗುಳಿ ತೆಗೆದು ಎಸರು ಹೊಯ್ಯಬೇಕು. ಸೌಟಿನ ಹಿಡಿಯಿಂದ ಕಲೆಸಿ ಎರಡು–ಮೂರು ನಿಮಿಷ ಮುಚ್ಚಿಡಬೇಕು. ಆಮೇಲೆ ಉಳಿದ ಹಿಟ್ಟು ಸೇರಿಸಿ, ತಣ್ಣೀರು ಚಿಮುಕಿಸುತ್ತಾ, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಬೆರಳ ತುದಿಯಲ್ಲಿ ನಾದಿದ ಹಿಟ್ಟು ನಾದಿದಂತಲ್ಲ.

ಇಲ್ಲಿ ಹೆಚ್ಚಿನವರು ಎಡವುವ ಒಂದು ಜಾಗವಿದೆ. ಅರ್ಧ ಕಿಲೋ ಹಿಟ್ಟನ್ನೂ ಒಮ್ಮೆಲೇ ನಾದಿ ಉಂಡೆ ಮಾಡಿ ಸಾಲಾಗಿ ಇಟ್ಟುಬಿಡುತ್ತಾರೆ. ಐದನೆಯ ರೊಟ್ಟಿಗೆ ಬರುವ ಹೊತ್ತಿಗೆ ಉಂಡೆಯ ಮೈ ಒಣಗಿ ಬಿರುಕು ಬಿಟ್ಟಿರುತ್ತದೆ. ಎಸರು ಹೊಯ್ದ ಹಿಟ್ಟು ಒಟ್ಟಿಗೆ ಇರಲಿ, ಒದ್ದೆ ಬಟ್ಟೆ ಮುಚ್ಚಿರಲಿ. ನಾದುವುದು ಮಾತ್ರ ಒಂದು ಸಲಕ್ಕೆ ಒಂದು, ಹೆಚ್ಚೆಂದರೆ ಎರಡು ರೊಟ್ಟಿಗಾಗುವಷ್ಟು. ಪ್ರತಿ ರೊಟ್ಟಿಗೂ ಮುನ್ನ ಅಜ್ಜಿ ಮತ್ತೆ ಮತ್ತೆ ನಾದುತ್ತಿದ್ದುದನ್ನು ನೋಡಿದ ಎಲ್ಲರಿಗೂ ನೆನಪಿರುತ್ತದೆ, ಕಾರಣ ಮಾತ್ರ ಯಾರೂ ಬರೆಯುವುದಿಲ್ಲ.

ಒಂದು ರೊಟ್ಟಿಗೆ ನೂರಿಪ್ಪತ್ತು ಗ್ರಾಂ ಆಸುಪಾಸಿನ ಮುದ್ದೆ ಸಾಕು. ಅಂದರೆ ಕಿಲೋ ಹಿಟ್ಟಿಗೆ ಹದಿನಾಲ್ಕರಿಂದ ಹದಿನಾರು ರೊಟ್ಟಿ. ಕೆಳಗೆ ಒಣಹಿಟ್ಟು ಉದುರಿಸಿ, ಉಂಡೆಯನ್ನು ಮೊದಲು ಎರಡೂ ಕೈಯಲ್ಲಿ ಬಿಲ್ಲೆಯಾಗಿ ಅಂಚು ಬಿರಿಯದಂತೆ ತೀಡಿಕೊಳ್ಳಬೇಕು. ಬಿಲ್ಲೆಯ ಅಂಚಿನಲ್ಲಿ ಇರುವ ಸಣ್ಣ ಬಿರುಕು ರೊಟ್ಟಿಯ ಅಂಚಿನಲ್ಲಿ ದೊಡ್ಡ ಸೀಳಾಗುತ್ತದೆ. ಬಡಿಯುವಾಗ ಬಲಗೈ ಅಂಗೈ ಮತ್ತು ಬೆರಳು ಎರಡೂ ಸಮನಾಗಿ ಬೀಳಬೇಕು, ಪ್ರತಿ ಪೆಟ್ಟಿಗೂ ರೊಟ್ಟಿ ತಾನಾಗಿ ಸ್ವಲ್ಪ ತಿರುಗಬೇಕು. ರೊಟ್ಟಿ ತಿರುಗುವುದು ನಿಂತಿತೆಂದರೆ ಕೆಳಗಿನ ಒಣಹಿಟ್ಟು ತೀರಿ, ಮಣೆಗೆ ಅಂಟಿದೆ ಎಂದೇ ಅರ್ಥ. ಆಗ ಬಡಿಯುವುದನ್ನು ನಿಲ್ಲಿಸಿ, ಅಂಚು ಎತ್ತಿ, ಹಿಟ್ಟು ಉದುರಿಸಿ ಮುಂದುವರಿಯಬೇಕು. ಲಟ್ಟಣಿಗೆಯಲ್ಲಿ ಲಟ್ಟಿಸಿದರೂ ರೊಟ್ಟಿ ಆಗುತ್ತದೆ. ಆದರೆ ಲಟ್ಟಣಿಗೆ ಹಿಟ್ಟನ್ನು ಹೊರಕ್ಕೆ ಎಳೆಯುತ್ತದೆ, ಎಳೆತ ತಾಳುವ ಅಂಟು ಜೋಳಕ್ಕಿಲ್ಲ, ಹಾಗಾಗಿ ಅಂಚು ಹರಿಯುತ್ತದೆ. ಕೈ ಹಿಟ್ಟನ್ನು ಒತ್ತುತ್ತದೆ. ಕೆಲವರು ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿ ಕಷ್ಟ ತಪ್ಪಿಸಿಕೊಳ್ಳುತ್ತಾರೆ. ಬಿಸಿಯಿದ್ದಾಗ ಅದು ಗೊತ್ತಾಗುವುದಿಲ್ಲ, ಆರಿದ ಮೇಲೆ ರೊಟ್ಟಿ ನಾರಿನಂತೆ ಎಳೆಯುತ್ತದೆ. ಹಿಟ್ಟಿಗೆ ಜಿಗಿ ಕಡಿಮೆ ಎಂದು ಗೊತ್ತಿದ್ದರೆ ಎಸರಿಗೇ ಎರಡು ಚಮಚ ಹಿಟ್ಟು ಹಾಕಿ ತೆಳ್ಳನೆ ಗಂಜಿ ಕಾಯಿಸಿ, ಆ ಗಂಜಿಯನ್ನು ಹೊಯ್ದು ಕಲೆಸುವುದು ಒಳ್ಳೆಯ ದಾರಿ.

ಹಂಚು ಕಾದಿದೆಯೇ ಎಂದು ನೀರು ಚಿಮುಕಿಸಿ ನೋಡಬೇಕು. ಹನಿ ಕುಣಿದು ಮಾಯವಾದರೆ ಸರಿ. ಒಂದು ಚಿಟಿಕೆ ಹಿಟ್ಟು ಹಾಕಿದಾಗ ಕೂಡಲೇ ಕಂದಿದರೆ ಉರಿ ಹೆಚ್ಚಾಯಿತು. ಒಣಹಿಟ್ಟು ಅಂಟಿದ ಬದಿ ಮೇಲೆ ಬರುವಂತೆ ರೊಟ್ಟಿ ಹಾಕಿ, ಆ ಕ್ಷಣವೇ ಒದ್ದೆ ಬಟ್ಟೆಯಿಂದ ಮೇಲ್ಮೈಯನ್ನೆಲ್ಲ ಸವರಬೇಕು. ನೀರು ಒಣಹಿಟ್ಟನ್ನು ತೊಳೆಯುತ್ತದೆ, ಮೇಲ್ಪದರ ಬೇಗ ಒಣಗದಂತೆ ತಡೆಯುತ್ತದೆ. ಹೊಳೆಯುತ್ತಿದ್ದ ನೀರು ಇಂಗಿ ಮೈ ಮಬ್ಬಾದ ಕೂಡಲೇ, ಪೂರ್ತಿ ಒಣಗುವ ಮೊದಲು, ತಿರುವಬೇಕು. ಇದಕ್ಕೆ ಅರ್ಧ ನಿಮಿಷದ ಆಸುಪಾಸು ಸಾಕು. ತಡ ಮಾಡಿದರೆ ಮೇಲ್ಪದರ ಬಿರಿದು ಉಗಿ ಆ ಬಿರುಕಿನಿಂದ ಹೊರಹೋಗುತ್ತದೆ, ರೊಟ್ಟಿ ಉಬ್ಬುವುದಿಲ್ಲ. ಎರಡನೆಯ ಬದಿಗೆ ಒಂದು ನಿಮಿಷ, ಆಮೇಲೆ ಕೆಂಡದ ಮುಂದೆ ನಿಲ್ಲಿಸಿದರೆ ಇಲ್ಲವೇ ಹಂಚಿನ ಮೇಲೆಯೇ ಬಟ್ಟೆಯಿಂದ ಅಂಚು ಒತ್ತಿದರೆ ಪೂರಿಯಂತೆ ಏಳುತ್ತದೆ. ಗ್ಯಾಸಿನ ಸಣ್ಣ ಬರ್ನರ್ ಹಂಚಿನ ನಡುವನ್ನು ಮಾತ್ರ ಕಾಯಿಸುತ್ತದೆ, ಅಂಚು ತಣ್ಣಗೇ ಇರುತ್ತದೆ. ದೊಡ್ಡ ಬರ್ನರ್ ಮೇಲೆ ದಪ್ಪ ಕಬ್ಬಿಣದ ಹಂಚು ಇಟ್ಟು ಐದು ನಿಮಿಷ ಮೊದಲೇ ಕಾಯಿಸಿಕೊಳ್ಳಬೇಕು, ನಡುನಡುವೆ ರೊಟ್ಟಿಯನ್ನು ಸರಿಸುತ್ತಿರಬೇಕು.

ಖಡಕ್ ರೊಟ್ಟಿಗೆ ಇನ್ನೂ ತೆಳ್ಳಗೆ ಬಡಿಯಬೇಕು. ಬೆಂದ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ಹಸಿ ಪೂರ್ತಿ ತೆಗೆಯಬೇಕು. ಬಿಸಿ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಉಗಿಗೆ ಮೆತ್ತಗಾಗಿ, ಮೂರನೆಯ ದಿನಕ್ಕೆ ಬೂಷ್ಟು. ಒಂದೊಂದನ್ನೂ ಬಿದಿರಿನ ಬುಟ್ಟಿಯಲ್ಲಿ ಓರೆಯಾಗಿ ನಿಲ್ಲಿಸಿ ಆರಿಸಿದರೆ ತಿಂಗಳಿಗೂ ಹೆಚ್ಚು ಇರುತ್ತದೆ. ಮಳೆಗಾಲದಲ್ಲಿ ಮಾತ್ರ ಆ ಭರವಸೆ ಬೇಡ.

ರೊಟ್ಟಿಯ ಬಗ್ಗೆ ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ಮಕ್ಕಳು ಒಲೆಯ ಮುಂದೆ ಕುಳಿತಿದ್ದಾಗ ಸುಮ್ಮನೆ ನೋಡುತ್ತಿರಲಿಲ್ಲ, ಮೇಲೆ ಹೇಳಿದ ಒಂದೊಂದು ಹಂತಕ್ಕೂ ಒಂದೊಂದು ಮಗು ಇರುತ್ತಿತ್ತು. ಕಾಳಿನಲ್ಲಿ ಕಲ್ಲು ಆರಿಸುವುದು, ಬೆಳ್ಳುಳ್ಳಿ ಬಿಡಿಸುವುದು ನಾಲ್ಕೈದು ವರ್ಷದವರ ಕೆಲಸ. ಸಣ್ಣ ಬೆರಳು, ಚುರುಕು ಕಣ್ಣು ಅದಕ್ಕೆ ಸರಿಯಾಗಿ ಒದಗುತ್ತವೆ. ಒಣಹಿಟ್ಟು ಮುಂದೆ ಸರಿಸುವುದು, ಆರಿದ ರೊಟ್ಟಿಯನ್ನು ಬುಟ್ಟಿಗೆ ಜೋಡಿಸುವುದು ಏಳೆಂಟು ವರ್ಷದವರದ್ದು. ಒದ್ದೆ ಬಟ್ಟೆ ಸವರುವುದು, ತಿರುವುವುದು ಹತ್ತು ದಾಟಿದವರಿಗೆ, ಅದೂ ಹಿರಿಯರು ಪಕ್ಕದಲ್ಲಿದ್ದಾಗ. ಎಸರು ಹೊಯ್ಯುವುದನ್ನು ಮಕ್ಕಳಿಗೆ ಯಾವ ಮನೆಯಲ್ಲೂ ಬಿಡುತ್ತಿರಲಿಲ್ಲ, ಈಗಲೂ ಬಿಡಬಾರದು. ಕೊನೆಗೆ ಪರಾತಕ್ಕೆ ಮೆತ್ತಿದ ಹಿಟ್ಟನ್ನೆಲ್ಲ ಕೆರೆದು ಒಂದು ಸಣ್ಣ ಉಂಡೆ ಮಾಡಿ ಮಗುವಿನ ಕೈಗೆ ಕೊಡುತ್ತಿದ್ದರು. ಆ ಪುಟ್ಟ ರೊಟ್ಟಿ ಎಲ್ಲರ ನೆನಪಿನ ಬರಹದಲ್ಲೂ ಇರುತ್ತದೆ. ಅದು ಅಕ್ಕರೆ ಹೌದು. ಜೊತೆಗೆ, ತಣ್ಣಗಾಗಿ ಗಡುಸಾದ ಹಿಟ್ಟನ್ನು ಮತ್ತೆ ನಾದಿ ಹದಕ್ಕೆ ತರುವುದನ್ನು ಮಗುವಿಗೆ ಕಲಿಸುವ ಪಾಠವೂ ಹೌದು. ಕಷ್ಟದ ಹಿಟ್ಟಿನಲ್ಲಿ ಕಲಿತ ಕೈಗೆ ಹೊಸ ಹಿಟ್ಟು ಸಲೀಸು. ಈಗಿನ ಮನೆಗಳಲ್ಲಿ ಮಕ್ಕಳನ್ನು ಅಡುಗೆಮನೆಗೆ ಕರೆಯುವವರು ಈ ವಯಸ್ಸಿನ ಹಂಚಿಕೆಯನ್ನು ಹಾಗೆಯೇ ಇಟ್ಟುಕೊಳ್ಳಬಹುದು.

ಗುರೆಳ್ಳು ಚಟ್ನಿಗೆ ಬರೋಣ. ಇದರ ಘಮವನ್ನು ವರ್ಣಿಸಿದವರು ಬಹಳ, ಗುರೆಳ್ಳು ಹುರಿಯುವಾಗ ಕಣ್ಣು ಕೆಲಸಕ್ಕೆ ಬರುವುದಿಲ್ಲ ಎಂದು ಬರೆದವರು ಕಡಿಮೆ. ಕಾಳೇ ಕಪ್ಪು, ಸೀದದ್ದು ಕಾಣುವುದಿಲ್ಲ. ಕಿವಿ, ಮೂಗು, ಹಲ್ಲು ಈ ಮೂರರಿಂದ ತಿಳಿಯಬೇಕು. ನೂರು ಗ್ರಾಂ ಗುರೆಳ್ಳನ್ನು ಮೊದಲು ಮೊರದಲ್ಲಿ ಕೇರಿ, ಆಮೇಲೆ ನೀರಿನಲ್ಲಿ ತೊಳೆದು ಮೇಲೆ ತೇಲಿದ್ದನ್ನಷ್ಟೇ ಸೋಸಿ ತೆಗೆಯಬೇಕು. ಸಣ್ಣ ಮರಳು ತಳದಲ್ಲಿ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈಬಿಡದೆ ಹುರಿಯಬೇಕು. ಚಟಪಟ ಸದ್ದು ಏರಿ, ಇಳಿಯತೊಡಗಿದಾಗ ಎರಡು ಕಾಳು ಹಲ್ಲಿಗೆ ಹಾಕಿ ನೋಡಿ. ಕರಕರ ಮುರಿದು, ಹಸಿ ವಾಸನೆ ಇಲ್ಲದಿದ್ದರೆ ಕೂಡಲೇ ಬೇರೆ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ್ದರೂ ಬಾಣಲೆಯ ಕಾವಿಗೆ ಸೀದು ಕಹಿಯಾಗುತ್ತದೆ. ಆ ಕಹಿ ಬೆಲ್ಲ ಹಾಕಿದರೂ ಹೋಗದು.

ಕುಟ್ಟುವುದಕ್ಕೂ ಕ್ರಮ ಉಂಟು. ಎಂಟು–ಹತ್ತು ಒಣಮೆಣಸಿನಕಾಯಿ, ಒಂದೂವರೆ ಚಮಚ ಉಪ್ಪು, ಒಂದು ಚಮಚ ಜೀರಿಗೆ, ನೆಲ್ಲಿಕಾಯಿ ಗಾತ್ರದ ಒಣ ಹುಣಸೆ ಮೊದಲು. ಉಪ್ಪಿನ ಹರಳು ಮೆಣಸಿನಕಾಯಿಯನ್ನು ಬೇಗ ಪುಡಿಮಾಡಿಸುತ್ತದೆ. ಆಮೇಲೆ ಗುರೆಳ್ಳು. ಒಂದು ಗಡ್ಡೆ ಬೆಳ್ಳುಳ್ಳಿ ಎಲ್ಲಕ್ಕಿಂತ ಕೊನೆಗೆ, ಸಿಪ್ಪೆ ಸಮೇತ. ಬೆಳ್ಳುಳ್ಳಿ ಮೊದಲೇ ಬಿದ್ದರೆ ಅದರ ಹಸಿಗೆ ಪುಡಿಯೆಲ್ಲ ಗಂಟು ಕಟ್ಟುತ್ತದೆ. ಮಿಕ್ಸಿಯಲ್ಲಿ ಮಾಡುವವರು ಎರಡು ಸೆಕೆಂಡು ತಿರುಗಿಸಿ ನಿಲ್ಲಿಸಿ, ಮತ್ತೆ ಎರಡು ಸೆಕೆಂಡು ತಿರುಗಿಸಬೇಕು. ಒಂದೇ ಸಮನೆ ಓಡಿಸಿದರೆ ಕಾವಿಗೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಶೇಂಗಾ ಚಟ್ನಿಯಲ್ಲಿ ಎಣ್ಣೆ ಸ್ವಲ್ಪ ಬಿಡುವುದೇ ರುಚಿ, ಗುರೆಳ್ಳಿನಲ್ಲಿ ಅದು ಬೇಡ.

ಪುಂಡಿ ಪಲ್ಯದಲ್ಲಿ ತಪ್ಪುವುದು ಒಂದೇ ಕಡೆ, ಅದು ಯಾವುದು ಮೊದಲು ಎಂಬಲ್ಲಿ. ಪುಂಡಿ ಸೊಪ್ಪು ಹುಳಿ. ಹುಳಿ ಸೇರಿದ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಬಹಳ ಹೊತ್ತು ಗಟ್ಟಿಯಾಗಿಯೇ ಉಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿದವರ ಪಲ್ಯದಲ್ಲಿ ಬೇಳೆ ಹಲ್ಲಿಗೆ ಸಿಗುವುದು ಇದರಿಂದ. ಅರ್ಧ ಬಟ್ಟಲು ಕಡಲೆಬೇಳೆ ಅಥವಾ ತೊಗರಿಬೇಳೆ, ಎರಡು ಚಮಚ ಜೋಳದ ನುಚ್ಚು ಇವನ್ನು ಮೊದಲು ಬೆರಳಲ್ಲಿ ಹಿಸುಕಿದರೆ ಒಡೆಯುವಷ್ಟು ಬೇಯಿಸಬೇಕು. ಕಾಲು ಕಿಲೋ ಸೊಪ್ಪನ್ನು ಬೇರೆ ಪಾತ್ರೆಯಲ್ಲಿ ಬಾಡಿಸಿ, ಹುಳಿ ಅತಿಯಾದ ಸೊಪ್ಪಾದರೆ ಆ ನೀರನ್ನು ಬಸಿದು, ಆಮೇಲೆ ಬೇಳೆಗೆ ಸೇರಿಸಿ ಹಸಿಮೆಣಸಿನಕಾಯಿ ಜೊತೆ ಕುದಿಸಿ ಮಸೆಯಬೇಕು. ಉಪ್ಪು ಕೊನೆಗೆ. ಹುಳಿಯ ಮುಂದೆ ಉಪ್ಪಿನ ಅಂದಾಜು ಮೊದಲೇ ಸಿಗುವುದಿಲ್ಲ. ಹದಿನೈದು ಎಸಳು ಬೆಳ್ಳುಳ್ಳಿಯನ್ನು ಜಜ್ಜಿ ಮೂರು ಚಮಚ ಎಣ್ಣೆಯಲ್ಲಿ ಕೆಂಪಗೆ ಹುರಿದು ಒಗ್ಗರಣೆ ಕೊಟ್ಟರೆ ಆಯಿತು. ಮಣ್ಣಿನ ಪಾತ್ರೆ ಅಥವಾ ಸ್ಟೀಲ್ ಪಾತ್ರೆ ಒಳ್ಳೆಯದು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಅಡುಗೆ ಮಾಡಲೇಬಾರದು, ಲೋಹ ಅಡುಗೆಗೆ ಇಳಿಯುತ್ತದೆ. ಅಜ್ಜಿಯ ಕಾಲದ ಹಿತ್ತಾಳೆ ಪಾತ್ರೆ ಅಟ್ಟದಿಂದ ಇಳಿಸಿ ಬಳಸುವ ಹುಮ್ಮಸ್ಸು ಈಗ ಹೆಚ್ಚಾಗಿದೆ. ಕಲಾಯಿ ಹಾಕಿಸಿಯೇ ಬಳಸಿ.

ಹಣ್ಣುಮೆಣಸಿನಕಾಯಿ ಖಾರದ ಬಗ್ಗೆ ಒಂದೇ ಮಾತು. ಕಾಯಿಯನ್ನು ತೊಟ್ಟಿನ ಸಮೇತ ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ನೀರಿನ ಪಸೆ ಪೂರ್ತಿ ಆರಿದ ಮೇಲೆಯೇ ತೊಟ್ಟು ಕೀಳಬೇಕು. ತೊಟ್ಟು ಕಿತ್ತು ತೊಳೆದರೆ ನೀರು ಒಳಗೆ ಇಳಿಯುತ್ತದೆ, ಹದಿನೈದು ದಿನದಲ್ಲಿ ಜಾಡಿಯ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಕಿಲೋ ಕಾಯಿಗೆ ಉಪ್ಪು ನೂರೈವತ್ತರಿಂದ ಇನ್ನೂರು ಗ್ರಾಂ. ಉಪ್ಪು ಕಡಿಮೆ ತಿನ್ನಬೇಕೆಂದು ಇದರಲ್ಲಿ ಉಪ್ಪು ಇಳಿಸಬಾರದು, ಬಡಿಸಿಕೊಳ್ಳುವ ಖಾರವನ್ನು ಇಳಿಸಿ.

ಇನ್ನೊಂದು ತಕರಾರು. ಪುರವಣಿಯಲ್ಲಿ ಬರುವ ಬರಹಗಳಿಗೆ ‘ಉತ್ತರ ಕರ್ನಾಟಕದ ಅಜ್ಜಿ ಅಡುಗೆ’ ಎಂಬ ಒಂದೇ ಹಣೆಪಟ್ಟಿ ಇರುತ್ತದೆ. ನಮ್ಮ ಮೂರು ಜಿಲ್ಲೆಗಳಲ್ಲೇ ಅಡುಗೆ ಒಂದಲ್ಲ. ಬಳ್ಳಾರಿ 1953ರವರೆಗೆ ಮದರಾಸು ರಾಜ್ಯದಲ್ಲಿತ್ತು. ರಾಯಚೂರು, ಅದರಿಂದ 1997ರಲ್ಲಿ ಬೇರೆಯಾದ ಕೊಪ್ಪಳ, ಇವು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗ. ಬಳ್ಳಾರಿಯ ಪೂರ್ವದ ಮನೆಗಳಲ್ಲಿ ಸಂಗಟಿ (ಮುದ್ದೆ), ಒಗ್ಗರಣೆ ಮಂಡಕ್ಕಿಗೆ ಹುರಿಗಡಲೆ ಪುಡಿ. ಕುಷ್ಟಗಿ, ಯಲಬುರ್ಗಾದ ಮಳೆ ಆಧಾರದ ಹೊಲಗಳ ಕಡೆ ಜೋಳದ ಜೊತೆ ಸಜ್ಜೆ ರೊಟ್ಟಿ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲಲು ಒಯ್ಯುವ ಬುತ್ತಿಯಲ್ಲಿ ಎಳ್ಳು ಹಚ್ಚಿದ ಆ ಸಜ್ಜೆ ರೊಟ್ಟಿಗೆ ಮೊದಲ ಜಾಗ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತ ಬಂತು, ಮನೆಯ ತಟ್ಟೆಗೆ ದಿನವೂ ಅನ್ನ ಬಂತು. ಕಾಲುವೆಯ ಆಚೆ ಹುಟ್ಟಿ ಈಚೆಗೆ ಸೊಸೆಯಾಗಿ ಬಂದ ಅಜ್ಜಿಗೆ ಎರಡೂ ಅಡುಗೆ ಗೊತ್ತಿರುತ್ತದೆ. ಆದ್ದರಿಂದ ಬರೆಯುವವರು ಊರಿನ ಹೆಸರು, ಅಜ್ಜಿಯ ತವರಿನ ಹೆಸರು, ಹೊಲಕ್ಕೆ ನೀರಾವರಿ ಇತ್ತೋ ಇಲ್ಲವೋ ಎಂಬುದನ್ನು ಬರೆದರೆ ಓದುವವರಿಗೆ ಅರ್ಧ ಅಡುಗೆ ತಾನಾಗಿ ತಿಳಿಯುತ್ತದೆ.

ಅಳತೆ ಬರೆದುಕೊಳ್ಳುವುದು ಹೇಗೆ ಎಂಬುದೇ ಹಲವರಿಗೆ ಕಷ್ಟ. “ಎಷ್ಟು ಹಾಕ್ತೀಯಬೇ ಅಜ್ಜಿ?” ಎಂದು ಕೇಳಿದರೆ “ಅದಕ್ಕೇನು ಲೆಕ್ಕ, ಕೈಗೆ ಬಂದಷ್ಟು” ಎಂದೇ ಉತ್ತರ ಬರುತ್ತದೆ. ಕೇಳಬೇಡಿ, ತೂಗಿ. ಅವರು ಕೆಲಸ ಶುರು ಮಾಡುವ ಮೊದಲು ಹಿಟ್ಟಿನ ಡಬ್ಬಿ, ಉಪ್ಪಿನ ಡಬ್ಬಿ, ಖಾರದ ಡಬ್ಬಿ ಒಂದೊಂದನ್ನೂ ತೂಗಿ ಬರೆದಿಡಿ. ಅಡುಗೆ ಮುಗಿದ ಮೇಲೆ ಮತ್ತೆ ತೂಗಿ. ಕಳೆದುಳಿದದ್ದೇ ಅವರ ಲೆಕ್ಕ. ಅವರ ಕೈಗೆ ಅಡ್ಡ ಬಂದಂತೆಯೂ ಆಗುವುದಿಲ್ಲ. ನೀರಿಗೆ ಅವರದೇ ಚೊಂಬು ಬಳಸಲಿ, ಆಮೇಲೆ ಆ ಚೊಂಬು ಎಷ್ಟು ಹಿಡಿಯುತ್ತದೆ ಎಂದು ಅಳೆಯಿರಿ. ಅವರ ಒಂದು ಹಿಡಿ ಹಿಟ್ಟನ್ನು ಮೂರು ಸಲ ತಕ್ಕಡಿಗೆ ಹಾಕಿಸಿ ಸರಾಸರಿ ತೆಗೆಯಿರಿ. ಹಿಡಿ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ, ಆದರೆ ಒಬ್ಬರ ಹಿಡಿಯಲ್ಲಿ ಹೆಚ್ಚು ಏರುಪೇರು ಇರುವುದಿಲ್ಲ.

ಸೇರು ಎಂದಾಗ ವಿಶೇಷ ಎಚ್ಚರ ಬೇಕು. ತೂಕದ ಸೇರು ಎಂಬತ್ತು ತೊಲ, ಅಂದರೆ ಸುಮಾರು 933 ಗ್ರಾಂ. ಕಾಳು ಅಳೆಯುವ ಸೇರು ಪಾತ್ರೆಯ ಅಳತೆ, ಅದು ಊರಿಂದ ಊರಿಗೆ ಬೇರೆ. 1958ರಿಂದ ಹಂತ ಹಂತವಾಗಿ ಕಿಲೋ ತೂಕ ಜಾರಿಗೆ ಬಂದರೂ ಅಡುಗೆಮನೆಯಲ್ಲಿ ಸೇರು–ಪಾವು ಉಳಿದುಕೊಂಡವು. ಪಾವು ಎಂದರೆ ಸೇರಿನ ಕಾಲು ಭಾಗ, ಚಟಾಕು ಹದಿನಾರನೆಯ ಒಂದು ಭಾಗ. ಅಜ್ಜಿ ಹೇಳುವ ಪಾವು ತಕ್ಕಡಿಯದೋ ಪಾತ್ರೆಯದೋ ಎಂದು ತಿಳಿಯದೆ ಬರೆದರೆ ಹಣ್ಣುಮೆಣಸಿನಕಾಯಿ ಖಾರದ ಉಪ್ಪು ಹೆಚ್ಚು ಕಡಿಮೆಯಾಗಿ ಜಾಡಿಯೇ ಕೆಡುತ್ತದೆ. ಆ ಪಾತ್ರೆ ಮನೆಯಲ್ಲಿ ಇನ್ನೂ ಇದ್ದರೆ ಅದರಲ್ಲಿ ನೀರು ತುಂಬಿ ಮಿಲಿ ಲೆಕ್ಕ ಬರೆದುಕೊಳ್ಳಿ, ಜೋಳ ತುಂಬಿ ಗ್ರಾಂ ಲೆಕ್ಕವನ್ನೂ ಬರೆದುಕೊಳ್ಳಿ.

ಇದಕ್ಕೆ ಹಬ್ಬದ ದಿನ ಬೇಡ. ಹತ್ತು ಜನರ ಅಡುಗೆಯ ಗಡಿಬಿಡಿಯಲ್ಲಿ ಅಜ್ಜಿಗೆ ಮಾತಾಡಲು ಪುರಸೊತ್ತು ಇರುವುದಿಲ್ಲ. ಸಾದಾ ದಿನದ ಬೆಳಿಗ್ಗೆ, ಒಂದೇ ಅಡುಗೆ, ಒಂದು ತಾಸು. ಒಬ್ಬ ಮೊಮ್ಮಗ ತೂಗಲಿ, ಒಬ್ಬ ಮೊಮ್ಮಗಳು ಬರೆಯಲಿ, ಫೋನನ್ನು ಧ್ವನಿ ಹಿಡಿಯಲು ಪಕ್ಕದಲ್ಲಿಡಿ. ಹುಡುಗರನ್ನೂ ಸೇರಿಸಿ ಎಂದು ಬಿಡಿಸಿ ಹೇಳುತ್ತಿದ್ದೇವೆ, ಏಕೆಂದರೆ ನೆನಪು ಬರೆಯುವವರಲ್ಲಿ ಗಂಡಸರು ಸಾಕಷ್ಟಿದ್ದಾರೆ, ರೊಟ್ಟಿ ಬಡಿಯಲು ಬರುವವರು ಅವರಲ್ಲಿ ಕಡಿಮೆ. “ಇದು ಕೆಟ್ಟರೆ ಏನ್ ಮಾಡ್ತೀರಿ?” ಎಂದು ಪ್ರತಿ ಹಂತದಲ್ಲೂ ಕೇಳಿ. ಅಳತೆ ಕೇಳಿದಾಗ ಸುಮ್ಮನಾಗುವ ಅಜ್ಜಿಯರು ಈ ಪ್ರಶ್ನೆಗೆ ಅರ್ಧ ಗಂಟೆ ಉತ್ತರ ಕೊಡುತ್ತಾರೆ. ವಿದ್ಯೆ ಇರುವುದು ಆ ಉತ್ತರದಲ್ಲಿ.

ಒಲೆಯ ಹೊಗೆಯನ್ನೂ ಬರೆಯಿರಿ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು (ಬೆರಣಿ) ಉರಿಸಿ ಗವಾಕ್ಷಿ ಇಲ್ಲದ ಕೋಣೆಯಲ್ಲಿ ದಿನಕ್ಕೆ ಎರಡು–ಮೂರು ತಾಸು ಕುಳಿತ ಹೆಂಗಸರ ಕಣ್ಣು, ಎದೆ ಎರಡಕ್ಕೂ ಪೆಟ್ಟು ಬಿದ್ದಿದೆ. ಒಲೆಯ ರೊಟ್ಟಿಯ ರುಚಿಯೇ ಬೇರೆ ಎಂದು ಹೊಗಳುವ ಬರಹದಲ್ಲಿ ಈ ಮಾತಿಗೂ ಒಂದು ಸಾಲು ಬೇಕು. ದಪ್ಪ ಹಂಚು, ದೊಡ್ಡ ಬರ್ನರ್ ಇದ್ದರೆ ಗ್ಯಾಸಿನ ಮೇಲೂ ಒಳ್ಳೆಯ ರೊಟ್ಟಿ ಆಗುತ್ತದೆ. ನಾವು ದಿನವೂ ಮಾಡುವುದು ಗ್ಯಾಸಿನಲ್ಲೇ.

ಆದ್ದರಿಂದ ಸಂಪಾದಕರಲ್ಲಿ ಕೋರಿಕೆ ಇಷ್ಟು. ಅಜ್ಜಿಯರ ನೆನಪಿನ ಬರಹ ಕಳಿಸುವವರಿಗೆ, ಅದರ ಕೆಳಗೆ ಐದಾರು ಸಾಲಿನ ಚೌಕಟ್ಟೊಂದನ್ನು ಕಡ್ಡಾಯ ಮಾಡಿ. ಅದರಲ್ಲಿ ಒಂದು ಅಡುಗೆಯ ಅಳತೆ ಗ್ರಾಂ–ಮಿಲಿಯಲ್ಲಿ, ಯಾವ ತಿಂಗಳಲ್ಲಿ ಮಾಡುವುದು, ಯಾವ ಪಾತ್ರೆ, ಯಾವ ಉರಿ, ಕೆಡುವುದು ಎಲ್ಲಿ, ಕೆಟ್ಟರೆ ಸರಿಪಡಿಸುವುದು ಹೇಗೆ ಎಂಬುದಷ್ಟೇ ಇರಲಿ. ಬೇರೆ ಊರಿನವರು ಅದನ್ನು ಮಾಡಿ ನೋಡಿ, ಬಂದದ್ದು ಬಾರದ್ದು ಎರಡನ್ನೂ ಬರೆದು ಕಳಿಸಲು ಮುಂದಿನ ವಾರ ಜಾಗ ಕೊಡಿ. ಫೆಬ್ರುವರಿ ಕೊನೆಯಿಂದ ಹಿಂಗಾರಿ ಜೋಳ ಮನೆಗೆ ಬರುತ್ತದೆ. ಆಗ ಹೋದ ವರ್ಷದ ಕಾಳು, ಈ ವರ್ಷದ ಕಾಳು ಎರಡೂ ಒಂದೇ ಮನೆಯಲ್ಲಿ ಇರುತ್ತವೆ. ಮೊದಲ ಕಂತಿಗೆ ರೊಟ್ಟಿಯನ್ನೇ ಇಟ್ಟುಕೊಂಡು, ಎರಡೂ ಕಾಳನ್ನು ಅರ್ಧರ್ಧ ಕಿಲೋ ಬೇರೆ ಬೇರೆ ಬೀಸಿಸಿ, ಯಾವುದಕ್ಕೆ ಎಷ್ಟು ನೀರು ಹಿಡಿಯಿತು ಎಂದು ಬರೆಯಲು ಓದುಗರಿಗೆ ಹೇಳಿ.

ಇಂತಿ,
ಜೋಳದ ರೊಟ್ಟಿ, ಚಟ್ನಿಪುಡಿ ಮಾಡುವ ಕೆಲಸದಲ್ಲಿರುವ ಮಹಿಳೆಯರು,
ಕುಷ್ಟಗಿ, ಕೊಪ್ಪಳ ಜಿಲ್ಲೆ